ಪಂಡಿತಾ ರಮಾಬಾಯಿಯವರೂ ಅವರ ಮನಸ್ಸಾಕ್ಷಿಯೂ

ಸ್ಮರಣ ಸಂಚಿಕೆಗಳಲ್ಲಿ ಮಹನೀಯರ ಚರಿತ್ರೆಯನ್ನು ಬರೆಯುವವರು ಅವರ ಗುಣಗಳನ್ನೇ ಆಯ್ದು, ಕುಂದುಗಳನ್ನು ಮರೆಮಾಡಿ, ಎಳೆಯರ ಮುಂದೆ ನಿಷ್ಕಳಂಕವಾದ ಚಿತ್ರವೊಂದನ್ನು ನಿಲ್ಲಿಸುವುದು ವಾಡಿಕೆ. ಈ ಸಂಚಿಕೆಯಲ್ಲಿ ನಾವು ಆ ವಾಡಿಕೆಯನ್ನು ಬಿಟ್ಟು ನಡೆಯಲು ಇಚ್ಛಿಸುತ್ತೇವೆ. ನಮ್ಮ ಶಾಲೆಯಲ್ಲಿ ಓದಿ ಸಂಸಾರಕ್ಕೆ ಸೇರಿದ ಹೆಣ್ಣುಮಕ್ಕಳು ಆಗಾಗ್ಗೆ ನಮ್ಮನ್ನು ಕಾಣಲು ಬರುವುದುಂಟು. ಅವರು ಹೇಳಿಕೊಳ್ಳುವ ಕಷ್ಟಗಳಲ್ಲಿ ಹೆಚ್ಚಿನವು ಎರಡು ಒಳ್ಳೆಯ ಕರ್ತವ್ಯಗಳ ನಡುವೆ ಸಿಕ್ಕಿಕೊಂಡ ಮನಸ್ಸಿನ ಕಷ್ಟಗಳೇ. ಅತ್ತೆಯವರ ಮನಸ್ಸನ್ನು ನೋಯಿಸದೆ ಮಗಳನ್ನು ಮುಂದಕ್ಕೆ ಓದಿಸುವುದು ಹೇಗೆ? ಮನೆಯವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡು ಮನಸ್ಸಾಕ್ಷಿಯನ್ನೂ ಉಳಿಸಿಕೊಳ್ಳುವುದು ಹೇಗೆ? ಇಂಥವರಿಗೆ ನಿಷ್ಕಳಂಕರ ಚರಿತ್ರೆಯಿಂದ ಹೆಚ್ಚಿನ ಸಹಾಯವಾಗದು. ಆದಕಾರಣ ಇಂತಹ ತೊಡಕುಗಳಲ್ಲಿಯೇ ಜೀವಮಾನವನ್ನು ಕಳೆದ ಪಂಡಿತಾ ರಮಾಬಾಯಿಯವರ ಕಥೆಯನ್ನು ಇಲ್ಲಿ ಹೇಳುತ್ತೇವೆ.

ರಮಾಬಾಯಿಯವರು 1858ನೆಯ ಏಪ್ರಿಲ್ 23ರಂದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆಯವರಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು. ದೊಡ್ಡ ಸಂಸ್ಕೃತ ವಿದ್ವಾಂಸರು. ಈ ತಂದೆಯ ನಡತೆಯಲ್ಲಿಯೇ ನಾವು ಮೊದಲ ವಿರೋಧಾಭಾಸವನ್ನು ಕಾಣುತ್ತೇವೆ. ಸ್ತ್ರೀಯರಿಗೂ ಸಂಸ್ಕೃತ ವಿದ್ಯೆ ಸಲ್ಲತಕ್ಕದ್ದೆಂದು ನಂಬಿ, ಬಂಧುಗಳ ವಿರೋಧವನ್ನು ಲೆಕ್ಕಿಸದೆ, ಪತ್ನಿ ಲಕ್ಷ್ಮೀಬಾಯಿಯವರಿಗೆ ವಿದ್ಯೆ ಕಲಿಸುವುದಕ್ಕಾಗಿ ಕಾಡನ್ನು ಸೇರಿದವರು ಇವರೇ. ಆ ಪತ್ನಿಯನ್ನು ಒಂಬತ್ತು ವರ್ಷದ ಬಾಲೆಯಾಗಿದ್ದಾಗ ತಮ್ಮ ನಡುವಯಸ್ಸಿನಲ್ಲಿ ಮದುವೆಯಾದವರೂ ಇವರೇ. ಹಿರಿಯ ಮಗಳಿಗೆ ಬಾಲ್ಯವಿವಾಹವನ್ನು ಮಾಡಿ, ಅದು ಕೆಟ್ಟುದನ್ನು ಕಂಡ ಮೇಲೆ, ಕಿರಿಯಳಾದ ರಮೆಯನ್ನು ಅವಿವಾಹಿತಳಾಗಿಯೇ ಇರಿಸಿಕೊಂಡು, ತಾಯಿಯ ಮೂಲಕ ಪುರಾಣಗಳನ್ನು ಬಾಯಿಪಾಠ ಮಾಡಿಸಿದರು. ಆದರೂ ವೇದಾಧ್ಯಯನವು ಹೆಣ್ಣಿಗೆ ಸಲ್ಲದೆಂಬ ಕಟ್ಟನ್ನು ಮಾತ್ರ ಅವರು ಮೀರಲಿಲ್ಲ. ಅರ್ಧ ದಾರಿಯಲ್ಲಿ ನಿಂತವರೆಂದು ಅವರನ್ನು ಹಳಿಯುವುದು ಸುಲಭ. ಆದರೆ ಅವರು ಆ ಅರ್ಧ ದಾರಿಯನ್ನಾದರೂ ನಡೆಯದಿದ್ದರೆ ರಮಾಬಾಯಿಯೆಂಬ ಪಂಡಿತೆಯು ನಮಗೆ ದೊರೆಯುತ್ತಿರಲಿಲ್ಲ.

ಬಂದ ಅತಿಥಿಗಳಿಗೆಲ್ಲ ಅನ್ನವಿಕ್ಕಿ ಸಾಲಗಾರರಾದ ಶಾಸ್ತ್ರಿಗಳು ಕುಟುಂಬ ಸಮೇತ ತೀರ್ಥಯಾತ್ರೆಗೆ ಹೊರಟು, ಪುರಾಣವನ್ನು ಓದಿ ಜೀವಿಸತೊಡಗಿದರು. 1870ರ ದಶಕದ ಕ್ಷಾಮವು ಬಂದೊದಗಿದಾಗ ಅವರಿಗೆ ಕೂಲಿಯ ಕೆಲಸವೂ ಬಾರದು, ಬೇಡುವುದಕ್ಕೆ ಮನಸ್ಸೂ ಒಪ್ಪದು. ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರಾಗಿ ಅಳಿದರು. ಉಳಿದ ರಮಾಬಾಯಿಯವರೂ ಅಣ್ಣ ಶ್ರೀನಿವಾಸರೂ ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಆಕೆ ಜಾತಿಯ ಕಟ್ಟನ್ನು ದಾಟಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವಿವಾಹವಾದರು. 1882ರಲ್ಲಿ ಪತಿಯು ಕಾಲರಾದಿಂದ ಮಡಿಯಲು, ಮನೋರಮೆಯೆಂಬ ಹಸುಗೂಸಿನೊಡನೆ ಇಪ್ಪತ್ತನಾಲ್ಕನೆಯ ವಯಸ್ಸಿಗೆ ವಿಧವೆಯಾದರು.

ಅಲ್ಲಿಂದ ಅವರು ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, 1883ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೊರಟರು. ಹೊರಡುವಾಗ ಕ್ರೈಸ್ತರಾಗುವ ಸಂಕಲ್ಪವು ಅವರಿಗಿರಲಿಲ್ಲ. ಆದರೂ ಅದೇ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬಲ್ಲಿ ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಸ್ವದೇಶದವರು ಇದನ್ನು ದ್ರೋಹವೆಂದೆಣಿಸಿದರು. ಹೊಸ ಮತದವರಾದರೂ ಪೂರ್ಣವಾಗಿ ಸಂತೋಷಪಟ್ಟರೋ ಎಂದರೆ ಅದೂ ಇಲ್ಲ. ಆಕೆ ಸಭೆಯ ಉಪದೇಶಗಳನ್ನೆಲ್ಲ ಪ್ರಶ್ನಿಸದೆ ಒಪ್ಪಲಿಲ್ಲ, ಸಸ್ಯಾಹಾರವನ್ನು ಬಿಡಲಿಲ್ಲ, ಕೊರಳ ಶಿಲುಬೆಯ ಮೇಲೆ ತಮಗೆ ತಿಳಿಯದ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿರಲಿ ಎಂದು ಹಟಹಿಡಿದರು. ತಮ್ಮನ್ನು ತಾಯಂತೆ ಪಾಲಿಸಿದ ಕನ್ಯಾಸ್ತ್ರೀಯರೊಡನೆ ದೀರ್ಘವಾದ ಪತ್ರವಾದಗಳನ್ನು ನಡೆಸಿದರು. ಪಡೆದ ಉಪಕಾರಕ್ಕೆ ಕೃತಜ್ಞತೆಯೂ ಬೇಕು, ಸ್ವಂತ ವಿಚಾರಕ್ಕೆ ಸ್ವಾತಂತ್ರ್ಯವೂ ಬೇಕು ಎಂಬ ಈ ಜಗ್ಗಾಟದಲ್ಲಿ ಅವರ ಮಾತು ಕೆಲವು ಸಲ ಕಟುವೂ ಆಯಿತೆಂದು ನಾವು ಒಪ್ಪಬೇಕು.

1886ರಲ್ಲಿ ಅಮೆರಿಕಾ ದೇಶಕ್ಕೆ ಹೋಗಿ, ಮರುವರ್ಷ ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬೋಸ್ಟನ್ ನಗರದಲ್ಲಿ ಅವರ ಹೆಸರಿನ ಸಂಘವು ಏರ್ಪಟ್ಟು, ಹತ್ತು ವರ್ಷಗಳ ತನಕ ಧನಸಹಾಯ ಮಾಡಲೊಪ್ಪಿತು. ಆ ಹಣದಿಂದ 1889ನೆಯ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮರುವರ್ಷ ಪುಣೆಗೆ ಸಾಗಿಸಿದರು. ಸದನದಲ್ಲಿ ಮತಬೋಧೆ ಇರಕೂಡದು, ಬಾಲವಿಧವೆಯರಿಗೆ ವಿದ್ಯೆಯನ್ನು ಮಾತ್ರ ಕೊಡತಕ್ಕದ್ದು ಎಂಬುದು ಎಲ್ಲರಿಗೂ ಕೊಟ್ಟ ಮಾತು. ಈ ಮಾತನ್ನು ನಂಬಿಯೇ ರಾನಡೆ, ಭಂಡಾರ್ಕರ್ ಮೊದಲಾದ ಗಣ್ಯರು ಸಲಹಾಮಂಡಲಿಯಲ್ಲಿ ಕುಳಿತರು. ಜಾತಿಯನ್ನು ತಾವು ಸಂಪೂರ್ಣವಾಗಿ ತೊರೆದಿದ್ದ ರಮಾಬಾಯಿಯವರು ಬ್ರಾಹ್ಮಣ ಬಾಲೆಯರು ತಮ್ಮ ಮಡಿಯನ್ನು ಕಾಪಾಡಿಕೊಳ್ಳುವಂತೆ ಅಡಿಗೆಯ ಏರ್ಪಾಡನ್ನು ಮಾಡಿದರು. ತಮಗೆ ನಂಬಿಕೆಯಿಲ್ಲದ ಆಚಾರಕ್ಕೆ ತಮ್ಮದೇ ಮನೆಯಲ್ಲಿ ಎಡೆಗೊಟ್ಟುದು ಕಪಟವಲ್ಲವೇ ಎಂದು ಯಾರಾದರೂ ಕೇಳಬಹುದು. ಒಲೆಯ ವಿಷಯದಲ್ಲಿ ಹಟಮಾಡಿದ್ದರೆ ಆ ಹುಡುಗಿಯರಿಗೆ ಪಾಠಶಾಲೆಯ ಹೊಸ್ತಿಲು ಎಂದಿಗೂ ಸಿಕ್ಕುತ್ತಿರಲಿಲ್ಲವೆಂಬುದು ನಮ್ಮ ಉತ್ತರ.

ತೊಡಕು ಹುಟ್ಟಿದುದು ಅಡಿಗೆಮನೆಯಿಂದಲ್ಲ, ಪ್ರಾರ್ಥನೆಯ ಕೋಣೆಯಿಂದ. ರಮಾಬಾಯಿಯವರು ಮಗಳೊಡನೆ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಆಕೆಯನ್ನು ತಾಯಿಯೆಂದೇ ನಂಬಿದ್ದ ಕೆಲವು ಬಾಲೆಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಆಕೆ ಅವರನ್ನು ಕರೆಯಲಿಲ್ಲ. ಏಳಿರೆಂದು ಕಳುಹಿಸಲೂ ಇಲ್ಲ. ಊರಿನಲ್ಲಿ ಗುಲ್ಲೆದ್ದಿತು, ಕೇಸರಿ ಪತ್ರಿಕೆಯು ಕಟುವಾಗಿ ಖಂಡಿಸಿತು. 1893ನೆಯ ಆಗಸ್ಟಿನಲ್ಲಿ ಸಲಹಾಮಂಡಲಿಯವರು ಸದನದ ಸಂಬಂಧವನ್ನು ಕಡಿದುಕೊಂಡರು. ಪೋಷಕರು ಇಪ್ಪತ್ತಕ್ಕೂ ಮೇಲ್ಪಟ್ಟು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬೋಸ್ಟನ್ನಿನ ಸಂಘವು ಮಾತ್ರ ರಮಾಬಾಯಿಯವರ ಪಕ್ಷವನ್ನು ಹಿಡಿಯಿತು. 1895ರಲ್ಲಿ ಸದನದ ಕೆಲವರು ದೀಕ್ಷಾಸ್ನಾನವನ್ನೂ ಹೊಂದಿದರು.

ಇಲ್ಲಿ ತಪ್ಪು ಯಾರದು? ನಾವೂ ಅನ್ಯಮತೀಯರ ಮಕ್ಕಳನ್ನು ನಮ್ಮ ವಶಕ್ಕೆ ತೆಗೆದುಕೊಂಡು ಓದಿಸತಕ್ಕವರಾದುದರಿಂದ ಈ ಪ್ರಶ್ನೆಯನ್ನು ಹಗುರವಾಗಿ ದಾಟಿಹೋಗುವಂತಿಲ್ಲ. ತನ್ನ ಮನೆಯಲ್ಲಿ ತಾನು ಪ್ರಾರ್ಥಿಸುವುದಕ್ಕೆ ಬಾಗಿಲು ಹಾಕಿಕೊಳ್ಳಬೇಕೆನ್ನುವುದು ಮನಸ್ಸಾಕ್ಷಿಯುಳ್ಳ ಸ್ತ್ರೀಗೆ ಸಹಿಸತಕ್ಕ ಮಾತಲ್ಲ. ಆದರೆ ದಿಕ್ಕಿಲ್ಲದ ಬಾಲೆಗೆ ಅನ್ನವನ್ನೂ ಅಕ್ಷರವನ್ನೂ ಪ್ರೀತಿಯನ್ನೂ ಕೊಟ್ಟವಳ ತೆರೆದ ಬಾಗಿಲು ಬರಿಯ ಬಾಗಿಲಾಗಿ ಉಳಿಯುವುದಿಲ್ಲ. ಬಾಯಿಬಿಡದೆಯೇ ಅದು ಕರೆಯುತ್ತದೆ. ಮಗಳನ್ನು ಒಪ್ಪಿಸಿ ನಿಶ್ಚಿಂತರಾಗಿದ್ದ ತಂದೆತಾಯಿಗಳ ಎದೆಯುರಿಯೂ ನ್ಯಾಯವಾದುದೇ. ರಮಾಬಾಯಿಯವರು ಮಾತಿನ ಅಕ್ಷರವನ್ನು ಮುರಿಯಲಿಲ್ಲವೆಂದು ನಾವು ನಂಬುತ್ತೇವೆ. ಆದರೆ ಮಾತನ್ನು ಕೇಳಿದವರು ಅದರಲ್ಲಿ ಇಟ್ಟಿದ್ದ ಭರವಸೆಯು ಮುರಿಯಿತೆಂಬುದೂ ಸುಳ್ಳಲ್ಲ. ಎರಡೂ ಸತ್ಯಗಳನ್ನು ಒಟ್ಟಿಗೆ ಹೊರುವುದು ಕಷ್ಟ. ಆದರೂ ಒಂದನ್ನು ಕೆಳಗಿಳಿಸಿದರೆ ನಾವು ಅಸತ್ಯಕ್ಕೆ ಗುರಿಯಾಗುತ್ತೇವೆ.

ಈ ಬಿರುಕಿನಿಂದ ಕೇಡು ಮಾತ್ರವೇ ಆಗಲಿಲ್ಲ. ಸದನದಲ್ಲಿ ಓದಿದ ಗೋದೂಬಾಯಿಯೆಂಬ ವಿಧವೆಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಹಿಂದೂ ಗೃಹಸ್ಥರು ಸಂದೇಹವಿಲ್ಲದೆ ಮಕ್ಕಳನ್ನು ಕಳುಹಿಸಬಹುದಾದ ವಿಧವಾಶ್ರಮವನ್ನು ಅದೇ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ಆರಂಭಿಸಿದರು. ಒಂದು ದೀಪದಿಂದ ಇನ್ನೊಂದು ಹತ್ತಿತು. ಎರಡರ ಬೆಳಕೂ ಬೇಕಾಗಿತ್ತು. ರಮಾಬಾಯಿಯವರಾದರೋ 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ, ತಮ್ಮ ಬಾಲ್ಯದ ಹಸಿವನ್ನು ನೆನೆದು, ನೂರಾರು ಹೆಂಗಸರನ್ನೂ ಮಕ್ಕಳನ್ನೂ ಕರೆತಂದು ಪುಣೆಯ ಸಮೀಪದ ಕೇಡ್ಗಾಂವಿನಲ್ಲಿ ಮುಕ್ತಿ ಸದನವನ್ನು ಬೆಳೆಸಿದರು. ಹತ್ತು ವರ್ಷಗಳ ಕರಾರು 1898ರಲ್ಲಿ ಮುಗಿದ ಮೇಲೆ ತಮ್ಮ ಸಂಸ್ಥೆಯು ಕ್ರೈಸ್ತ ಸಂಸ್ಥೆಯೆಂದು ಬಹಿರಂಗವಾಗಿಯೇ ನಡೆಸಿದರು. ಈ ಸ್ಪಷ್ಟತೆಯು ಮೊದಲೇ ಇದ್ದಿದ್ದರೆ ಎಷ್ಟೋ ನೋವು ತಪ್ಪುತ್ತಿತ್ತೇನೋ. ಆದರೆ ಮೊದಲೇ ಇದ್ದಿದ್ದರೆ ಮೊದಲಿನ ಆ ವಿಧವೆಯರು ಬರುತ್ತಲೇ ಇರಲಿಲ್ಲವೇನೋ.

ಕೊನೆಯವರೆಗೂ ಅವರಲ್ಲಿ ಇಂತಹ ಜೋಡಿ ಎಳೆಗಳು ಉಳಿದೇ ಇದ್ದವು. ವಿಧವೆಯರ ದುಃಸ್ಥಿತಿಯನ್ನು ಲೋಕಕ್ಕೆ ಸಾರಿದ ಆಕೆ ತಾವು ಬಿಳಿಯ ಸೀರೆಯನ್ನುಟ್ಟು, ಕೂದಲನ್ನು ಕತ್ತರಿಸಿಕೊಂಡೇ ಬಾಳಿದರು. ಸಾವಿರಾರು ಅನಾಥೆಯರಿಗೆ ತಾಯಿಯಾದವರು ಒಬ್ಬಳೇ ಮಗಳನ್ನು ಕೆಲವು ಕಾಲ ದೂರದೇಶದಲ್ಲಿ ಇತರರ ಕೈಯಲ್ಲಿ ಬಿಟ್ಟಿದ್ದರು. ಸಂಸ್ಕೃತ ಪಾಂಡಿತ್ಯದಿಂದ ಹೆಸರಾದವರು ಸತ್ಯವೇದವನ್ನು ಭಾಷಾಂತರಿಸುವಾಗ ಆ ಪಾಂಡಿತ್ಯವನ್ನು ಬದಿಗಿಟ್ಟು, ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಹಳ್ಳಿಯ ಹೆಂಗಸರಿಗೆ ತಿಳಿಯುವ ಮರಾಠಿಯನ್ನು ಹುಡುಕಿದರು. ತಾಯಿಯ ಕೆಲಸಕ್ಕೆ ಬಲಗೈಯಾಗಿ, 1912ರಲ್ಲಿ ಗುಲ್ಬರ್ಗದಲ್ಲಿ ಶಾಲೆಯನ್ನೂ ತೆರೆದಿದ್ದ ಮನೋರಮಾಬಾಯಿಯವರು 1921ರಲ್ಲಿ ತೀರಿಕೊಂಡರು. ಆ ದುಃಖದ ನಡುವೆಯೂ ಭಾಷಾಂತರದ ಕೆಲಸವನ್ನು ಕೊನೆಗಾಣಿಸಿ, 1922ನೆಯ ಏಪ್ರಿಲ್ 5ರಂದು ರಮಾಬಾಯಿಯವರು ದೇಹವನ್ನು ಬಿಟ್ಟರು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಎಲ್ಲವೂ ಸರಿಯೇ, ತಪ್ಪೆಂಬುದೇ ಇಲ್ಲವೆಂದು ಈ ಚರಿತ್ರೆಯಿಂದ ನೀವು ಕಲಿಯಕೂಡದು. ರಮಾಬಾಯಿಯವರು ಸುಳ್ಳಿಗೂ ಕ್ರೌರ್ಯಕ್ಕೂ ಎಂದೂ ತಲೆಬಾಗಲಿಲ್ಲ. ಆದರೆ ದಾರಿಯು ಮಬ್ಬಾಗಿರುವಲ್ಲಿ ಅದು ಹಗಲೆಂದು ನಟಿಸಲಿಲ್ಲ. ಮಬ್ಬಿದೆಯೆಂದು ಹೆಜ್ಜೆಯಿಡದೆ ಕುಳಿತುಕೊಳ್ಳಲೂ ಇಲ್ಲ. ನೀವು ಒಂದು ಕರ್ತವ್ಯವನ್ನು ಆರಿಸಿಕೊಂಡಾಗ ಇನ್ನೊಂದರ ಕಡೆಯಿಂದ ನೋವು ಬಂದರೆ, ಆ ನೋವನ್ನು ನಿಮ್ಮ ಲೆಕ್ಕದಲ್ಲಿಯೇ ಬರೆದುಕೊಳ್ಳಿರಿ. ನೊಂದವರನ್ನು ಮೂರ್ಖರೆಂದು ತಳ್ಳಿಹಾಕಬೇಡಿರಿ.

ಪೋಷಕರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ನಿಮ್ಮ ಮಗಳು ನಿಮ್ಮ ಮನೆಯ ನಡೆಯನ್ನೂ ನಮ್ಮ ಶಾಲೆಯ ನಡೆಯನ್ನೂ ಎರಡು ಕೈಗಳಲ್ಲಿ ಹಿಡಿದು ಬೆಳೆಯುತ್ತಾಳೆ. ಅವೆರಡೂ ಕೆಲವು ಸಲ ಹೊಂದದಿರಬಹುದು. ಆಗ ಸಂದೇಹವನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದು ನಮ್ಮನ್ನು ಕೇಳಿರಿ. ನಮ್ಮ ಕಛೇರಿಯ ಬಾಗಿಲೂ ತೆರೆದೇ ಇರುತ್ತದೆ. ಅದರೊಳಗೆ ನಡೆಯುವುದು ಏನೆಂಬುದನ್ನು ಮೊದಲೇ ನಿಮಗೆ ತಿಳಿಸುವುದು ನಮ್ಮ ಹೊಣೆಯೆಂದು, ಪುಣೆಯ ಆ ಇನ್ನೊಂದು ಬಾಗಿಲನ್ನು ನೆನೆದು, ನಾವು ಒಪ್ಪಿಕೊಂಡಿದ್ದೇವೆ.