ಎಣಿಕೆಗೆ ನಂಬಿಕೆ ತಂದ ಪ್ರೊ. ಮಹಾಲನೋಬಿಸ್

ಶಾಲೆಗಳ ಗೋಡೆಗಳ ಮೇಲೆ ಗಾಂಧೀಜಿ, ವಿಶ್ವೇಶ್ವರಯ್ಯ, ಸಿ.ವಿ. ರಾಮನ್ ಅವರ ಭಾವಚಿತ್ರಗಳನ್ನು ನೋಡುತ್ತ ನಾವೆಲ್ಲ ಬೆಳೆದಿದ್ದೇವೆ. ಆ ಸಾಲಿನಲ್ಲಿ ಅಪರೂಪಕ್ಕೆ ಕಾಣಸಿಗುವ, ಆದರೆ ತಮ್ಮ ಕೆಲಸವನ್ನು ಹಳ್ಳಿಗಳ ಮನೆಬಾಗಿಲಿಗೇ ತಲುಪಿಸಿದ ಮಹನೀಯರು ಪ್ರೊ. ಪ್ರಶಾಂತಚಂದ್ರ ಮಹಾಲನೋಬಿಸ್. ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ, ತಿಂಗಳಿಗೆ ಅಕ್ಕಿ, ಬೇಳೆ, ಎಣ್ಣೆಗೆ ಎಷ್ಟು ಖರ್ಚು ಎಂದು ಕೇಳಿ ಬರೆದುಕೊಂಡು ಹೋಗುವ ರಾಷ್ಟ್ರೀಯ ಮಾದರಿ ಸಮೀಕ್ಷೆಯವರನ್ನು ಊರಿನ ಹಿರಿಯರಲ್ಲಿ ಕೆಲವರಾದರೂ ಕಂಡಿರಬಹುದು. ಅವರು ಎಲ್ಲ ಊರುಗಳಿಗೂ ಹೋಗುವುದಿಲ್ಲ. ಹೋದ ಊರಿನಲ್ಲೂ ಎಲ್ಲ ಮನೆಗಳನ್ನು ಹತ್ತುವುದಿಲ್ಲ. ಹಾಗಿದ್ದೂ ಇಡೀ ದೇಶದ ಬಡತನ, ಉದ್ಯೋಗ, ಊಟೋಪಚಾರದ ಲೆಕ್ಕ ಅವರ ಹಾಳೆಗಳಿಂದಲೇ ಹೊರಡುತ್ತದೆ. ಕೆಲವರನ್ನು ಕೇಳಿ ಎಲ್ಲರ ವಿಷಯ ಹೇಳುವುದು ಹೇಗೆ? ಹೇಳಿದ್ದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲೇ ಮಹಾಲನೋಬಿಸರು ತಮ್ಮ ಆಯುಷ್ಯವನ್ನು ಸವೆಸಿದರು.

ಪ್ರಶಾಂತಚಂದ್ರರು 1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ಅಜ್ಜ ಗುರುಚರಣರು ಬ್ರಹ್ಮಸಮಾಜದವರು. ವಿಧವೆಯನ್ನು ಮದುವೆಯಾಗಿ ತಾವು ಆಡಿದ್ದನ್ನು ನಡೆದು ತೋರಿಸಿದವರು. ಬಾಲಕ ಬ್ರಹ್ಮ ಬಾಲಕರ ಶಾಲೆಯಲ್ಲಿ ಓದಿ, ಪ್ರೆಸಿಡೆನ್ಸಿ ಕಾಲೇಜು ಸೇರಿ, 1912ರಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂಥವರು ಅಲ್ಲಿ ಗುರುಗಳಾಗಿದ್ದರು. 1913ರಲ್ಲಿ ಲಂಡನ್ನಿನಲ್ಲಿ ಓದಬೇಕೆಂದು ಹಡಗು ಹತ್ತಿದರು. ಒಂದು ದಿನ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ ನೋಡಲು ಹೋದವರಿಗೆ ಹಿಂದಿರುಗುವ ಕೊನೆಯ ರೈಲು ತಪ್ಪಿತು. ಆ ರಾತ್ರಿ ಗೆಳೆಯರೊಬ್ಬರಲ್ಲಿ ಉಳಿದು, ಅವರ ಸಲಹೆಯಂತೆ ಅದೇ ಕಾಲೇಜಿಗೆ ಸೇರಿಬಿಟ್ಟರು. ಗಣಿತದ ಮೇಧಾವಿ ಶ್ರೀನಿವಾಸ ರಾಮಾನುಜನ್ ಅವರ ಸ್ನೇಹ ದೊರೆತದ್ದೂ ಅಲ್ಲಿಯೇ.

ಓದು ಮುಗಿದು ಊರಿಗೆ ಹೊರಡುವ ವೇಳೆಗೆ ಮೊದಲನೆಯ ಮಹಾಯುದ್ಧದಿಂದಾಗಿ ಹಡಗು ತಡವಾಯಿತು. ಗ್ರಂಥಾಲಯದಲ್ಲಿ ಕಾಲ ಕಳೆಯುತ್ತಿದ್ದಾಗ ಕಾಲೇಜಿನ ಅಧ್ಯಾಪಕರೊಬ್ಬರು ಬಯೋಮೆಟ್ರಿಕಾ ಎಂಬ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ತೋರಿಸಿದರು. ಅದರ ಸಂಪುಟಗಳನ್ನು ಕೊಂಡು ಹಡಗಿನಲ್ಲೇ ಓದಲು ತೊಡಗಿದರು. ಭೌತಶಾಸ್ತ್ರದ ಅಧ್ಯಾಪಕರಾಗಿ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರೂ ಮನಸ್ಸು ಸಂಖ್ಯೆಗಳ ಕಡೆಗೇ ಎಳೆಯಿತು. ಆಚಾರ್ಯ ಬ್ರಜೇಂದ್ರನಾಥ ಸೀಲ್ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ಪರಿಶೀಲಿಸುವ ಕೆಲಸವನ್ನು ಈ ತರುಣನಿಗೆ ಒಪ್ಪಿಸಿ ಪ್ರೋತ್ಸಾಹಿಸಿದರು. ಇದೇ ಸೀಲ್ ಅವರು 1921ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದವರು.

ಸಂಖ್ಯೆಗಳನ್ನು ಸರಿಯಾಗಿ ಓದದಿದ್ದರೆ ಜನರ ಹಣವೂ ಪ್ರಾಣವೂ ಹೋಗುತ್ತದೆ ಎಂಬುದು ಅವರಿಗೆ ಪ್ರವಾಹಗಳ ಅಧ್ಯಯನದಲ್ಲಿ ಮನದಟ್ಟಾಯಿತು. 1922ರಲ್ಲಿ ಉತ್ತರ ಬಂಗಾಳದಲ್ಲಿ ದೊಡ್ಡ ನೆರೆ ಬಂದಾಗ ನೀರು ತಡೆಯುವ ದುಬಾರಿ ಜಲಾಶಯಗಳನ್ನು ಕಟ್ಟುವ ಸಲಹೆಯಿತ್ತು. ಮಹಾಲನೋಬಿಸರು ಹಲವು ದಶಕಗಳ ಮಳೆಯ ದಾಖಲೆ ಹುಡುಕಿ ತೆಗೆದು, ಅಲ್ಲಿ ಬೇಕಾದದ್ದು ನೀರು ಬೇಗ ಹರಿದುಹೋಗುವ ದಾರಿ ಎಂದು ತೋರಿಸಿದರು. 1926ರ ಒರಿಸ್ಸಾ ಪ್ರವಾಹದ ನಂತರ, ನದಿಯ ತಳ ಏರಿರುವುದರಿಂದ ಒಡ್ಡುಗಳನ್ನು ಎತ್ತರಿಸಬೇಕೆಂದು ಇಂಜಿನಿಯರುಗಳು ಭಾವಿಸಿದ್ದರು. ಇವರು ಸುಮಾರು 60 ವರ್ಷಗಳ ಅಂಕಿಅಂಶ ನೋಡಿ, ತಳ ಏರಿಲ್ಲವೆಂದೂ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟುವುದು ಸರಿಯಾದ ಮಾರ್ಗವೆಂದೂ ವಾದಿಸಿದರು.

1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸ್ಥಾಪನೆಯಾಯಿತು. ಅದು ಆರಂಭವಾದದ್ದು ಪ್ರೆಸಿಡೆನ್ಸಿ ಕಾಲೇಜಿನ ಅವರ ಪ್ರಯೋಗಶಾಲೆಯಲ್ಲಿ, ಕೆಲವೇ ಸಹಾಯಕರೊಂದಿಗೆ. 1933ರಲ್ಲಿ ಸಾಂಖ್ಯ ಎಂಬ ಪತ್ರಿಕೆ ಹೊರಟಿತು. ಪತ್ನಿ ನಿರ್ಮಲಕುಮಾರಿಯವರು ಈ ಎಲ್ಲ ಕೆಲಸಗಳಲ್ಲಿ ಜೊತೆಯಾಗಿ ನಿಂತರು. ಕವಿ ರವೀಂದ್ರನಾಥ ಠಾಕೂರರ ಆಪ್ತರಾಗಿದ್ದ ಪ್ರಶಾಂತಚಂದ್ರರು ವಿಶ್ವಭಾರತಿಯ ಕಾರ್ಯದರ್ಶಿಗಳಾಗಿಯೂ ದುಡಿದಿದ್ದರು.

ಅವರ ಬದುಕಿನ ಮುಖ್ಯ ಸಾಧನೆ ಶುರುವಾದದ್ದು ಬಂಗಾಳದ ಸೆಣಬಿನ ಹೊಲಗಳಲ್ಲಿ. ಎಷ್ಟು ಎಕರೆಯಲ್ಲಿ ಸೆಣಬು ಇದೆ ಎಂಬುದು ರೈತನಿಗೂ ವ್ಯಾಪಾರಿಗೂ ಸರ್ಕಾರಕ್ಕೂ ಬೇಕಾದ ಸುದ್ದಿ. ಆದರೆ ಅಲ್ಲಿಯವರೆಗಿನ ಲೆಕ್ಕವೆಲ್ಲ ಹೆಚ್ಚಾಗಿ ಕಣ್ಣಂದಾಜಿನದು. ನಮ್ಮ ರೈತರಿಗೆ ಗೊತ್ತಿರುವ ಆಣೆವಾರಿಯ ರೀತಿಯದು. ಮಹಾಲನೋಬಿಸರು 1937ರಲ್ಲಿ ಸಣ್ಣ ಪ್ರಮಾಣದಲ್ಲಿ ಪ್ರಯೋಗ ಆರಂಭಿಸಿ, ವರ್ಷದಿಂದ ವರ್ಷಕ್ಕೆ ವಿಸ್ತರಿಸಿದರು. ಗ್ರಾಮನಕಾಶೆಗಳ ಮೇಲೆ ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದೆ, ಚೌಕಗಳನ್ನು ಆರಿಸುವುದು. ತನಿಖೆದಾರರು ಆ ಚೌಕದೊಳಗಿನ ಹೊಲಗಳನ್ನು ಮಾತ್ರ ನೋಡಿ ಬೆಳೆ ಬರೆಯುವುದು. ಚೌಕ ದೊಡ್ಡದಾದರೆ ಓಡಾಟ ಉಳಿಯುತ್ತದೆ, ಆದರೆ ಅಕ್ಕಪಕ್ಕದ ಹೊಲಗಳಲ್ಲಿ ಒಂದೇ ಬೆಳೆ ಇರುವುದರಿಂದ ಹೊಸ ಮಾಹಿತಿ ಕಡಿಮೆ. ಚೌಕ ಚಿಕ್ಕದಾದರೆ ಮಾಹಿತಿ ಹೆಚ್ಚು, ನಡಿಗೆಯೂ ಹೆಚ್ಚು. ನಡೆಯಲು ಎಷ್ಟು ಹೊತ್ತು, ಬರೆಯಲು ಎಷ್ಟು ಹೊತ್ತು ಎಂಬುದನ್ನೂ ಅವರು ದಾಖಲಿಸಿ, ಇದ್ದ ಹಣದಲ್ಲಿ ಅತಿ ಹೆಚ್ಚು ನಿಖರತೆ ಎಲ್ಲಿ ಸಿಗುತ್ತದೆಂದು ಲೆಕ್ಕ ಹಾಕಿದರು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬ ಮಾತು ನಮ್ಮಲ್ಲಿದೆ. ಮಡಕೆಯ ಅನ್ನವೆಲ್ಲ ಒಂದೇ ಬೆಂಕಿಯಲ್ಲಿ ಬೆಂದಿರುವುದರಿಂದ ಆ ಮಾತು ಸರಿ. ದೇಶ ಒಂದೇ ಮಡಕೆಯಲ್ಲ. ಆರಿಸಿದ ಊರುಗಳೇ ಬೇರೆಯಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಬರೆದುಕೊಳ್ಳುವವರು ಬೇರೆಯಾಗಿದ್ದರೂ ಬೇರೆಯಾಗಬಹುದಿತ್ತು. ಇದನ್ನು ಹಿಡಿಯಲು ಮಹಾಲನೋಬಿಸರು ಕಂಡುಕೊಂಡ ಉಪಾಯ ಬಹಳ ಸರಳ. ಒಂದು ದೊಡ್ಡ ಮಾದರಿಯ ಬದಲು, ಅದೇ ಪ್ರದೇಶದಲ್ಲಿ ಒಂದರೊಳಗೊಂದು ಹೆಣೆದುಕೊಂಡ ಎರಡು ಅಥವಾ ಹೆಚ್ಚು ಉಪಮಾದರಿಗಳನ್ನು ಪ್ರತ್ಯೇಕವಾಗಿ ಆರಿಸಬೇಕು. ಒಂದೊಂದನ್ನೂ ಬೇರೆ ಬೇರೆ ತಂಡ ನೋಡಬೇಕು. ಕೊನೆಗೆ ಎರಡು ಉತ್ತರಗಳನ್ನು ಅಕ್ಕಪಕ್ಕ ಇಡಬೇಕು. ಹತ್ತಿರ ಬಂದರೆ ಭರವಸೆ ಹೆಚ್ಚುತ್ತದೆ, ದೂರ ನಿಂತರೆ ಎಲ್ಲೋ ಎಡವಟ್ಟಾಗಿದೆ ಎಂದು ಹುಡುಕಬಹುದು. ಎರಡು ತಂಡಗಳೂ ಒಂದೇ ಬಗೆಯ ತಪ್ಪು ಮಾಡಿದರೆ ಇದರಿಂದ ಗೊತ್ತಾಗದು ನಿಜ; ಆದರೆ ಮನೆಯಲ್ಲೇ ಕುಳಿತು ಹಾಳೆ ತುಂಬುವವನಿಗೆ ಇದೊಂದು ದೊಡ್ಡ ಅಂಕುಶವಾಯಿತು.

1943ರ ಭೀಕರ ಬರಗಾಲ ಬಂಗಾಳದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಅದರ ಬೆನ್ನಿಗೇ ಸಂಸ್ಥೆಯ ತಂಡಗಳು ಹಳ್ಳಿಗಳಿಗೆ ಹೋಗಿ, ಯಾರು ಭೂಮಿ ಮಾರಿದರು, ಯಾರು ಎತ್ತು ಕಳೆದುಕೊಂಡರು, ಯಾವ ಕಸುಬಿನವರು ನಿರ್ಗತಿಕರಾದರು ಎಂಬುದನ್ನು ಮಾದರಿ ಸಮೀಕ್ಷೆಯಿಂದ ದಾಖಲಿಸಿದವು. ನೆಲವಿಲ್ಲದ ಕೂಲಿಗಳು, ಮೀನುಗಾರರು ಮುಂತಾದ ದುರ್ಬಲರ ಮೇಲೆ ಪೆಟ್ಟು ಹೆಚ್ಚಾಗಿ ಬಿದ್ದದ್ದು ಅಂಕಿಗಳಲ್ಲಿ ಕಂಡಿತು. 1945ರಲ್ಲಿ ಮಹಾಲನೋಬಿಸರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಸ್ವಾತಂತ್ರ್ಯಾನಂತರ, 1949ರಲ್ಲಿ ಅವರು ಕೇಂದ್ರ ಸಚಿವ ಸಂಪುಟದ ಗೌರವ ಸಂಖ್ಯಾಶಾಸ್ತ್ರ ಸಲಹೆಗಾರರಾದರು. ಅದೇ ವರ್ಷ ರಚನೆಯಾದ ರಾಷ್ಟ್ರೀಯ ಆದಾಯ ಸಮಿತಿಗೆ ಅವರು ಅಧ್ಯಕ್ಷರು, ಡಿ.ಆರ್. ಗಾಡ್ಗೀಳ್, ವಿ.ಕೆ.ಆರ್.ವಿ. ರಾವ್ ಸದಸ್ಯರು. ದೇಶದ ಆದಾಯ ಲೆಕ್ಕ ಹಾಕಲು ಹೊರಟರೆ ಹಳ್ಳಿಯ ಮನೆಗಳ ಬಗ್ಗೆ ನಂಬುವಂಥ ಅಂಕಿಗಳೇ ಇರಲಿಲ್ಲ. ಆ ಕೊರತೆ ತುಂಬಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಹುಟ್ಟಿತು. ಆ ವರ್ಷದ ಅಕ್ಟೋಬರಿನಿಂದ 1951ರ ಮಾರ್ಚ್‌ವರೆಗೆ ನಡೆದ ಮೊದಲ ಸುತ್ತಿಗೆ 1,833 ಹಳ್ಳಿಗಳನ್ನು ಆರಿಸಲಾಯಿತು.

ಇಂಥ ಸಮೀಕ್ಷೆಯ ಹಾಳೆಗಳಿಂದ ಉತ್ತರ ತೆಗೆಯುವುದು ಬರಿಯ ಕೂಡಿ ಭಾಗಿಸುವ ಕೆಲಸವಲ್ಲ. ಮಕ್ಕಳಿಗೂ ತಿಳಿಯುವಂತೆ ಒಂದು ಊಹೆಯ ತಾಲ್ಲೂಕನ್ನು ತೆಗೆದುಕೊಳ್ಳೋಣ. ಹಳ್ಳಿಗಳಲ್ಲಿ 9,000 ಮನೆ, ಪೇಟೆಯಲ್ಲಿ 1,000 ಮನೆ. ಎರಡೂ ಕಡೆ 100 ಮನೆ ಆರಿಸಿ ತಿಂಗಳ ಖರ್ಚು ಕೇಳಿದೆವು. ಹಳ್ಳಿಯ ಸರಾಸರಿ 8,000 ರೂಪಾಯಿ, ಪೇಟೆಯದು 20,000 ರೂಪಾಯಿ ಬಂತು. 200 ಮನೆಗಳನ್ನೂ ಒಟ್ಟಿಗೆ ಕೂಡಿ ಭಾಗಿಸಿದರೆ 14,000 ಎಂದಾಗುತ್ತದೆ. ಇದು ಸುಳ್ಳು ಲೆಕ್ಕ. ಆರಿಸಿದ ಪ್ರತಿ ಹಳ್ಳಿ ಮನೆ 90 ಮನೆಗಳ ಪರವಾಗಿ ಮಾತನಾಡುತ್ತಿದೆ, ಪೇಟೆಯ ಮನೆ 10 ಮನೆಗಳ ಪರವಾಗಿ. ಆ ತೂಕ ಕೊಟ್ಟು ಲೆಕ್ಕ ಹಾಕಿದರೆ ಸರಾಸರಿ 9,200 ರೂಪಾಯಿ. ತೂಕ ಮರೆತವನು ತಾಲ್ಲೂಕಿನ ಬಡತನವನ್ನೇ ಮರೆತಂತೆ.

ಇನ್ನು ನಂಬಿಕೆಯ ಮಾತು. ಒಂದು ತಂಡದ ಉತ್ತರ 9,000, ಇನ್ನೊಂದರದು 9,400 ಎನ್ನೋಣ. ಎರಡರ ಸರಾಸರಿ 9,200, ವ್ಯತ್ಯಾಸ 400. ಅದರ ಅರ್ಧ, ಅಂದರೆ 200 ರೂಪಾಯಿ, ಈ ಸರಾಸರಿಯ ಏರಿಳಿತದ ಒಂದು ಸ್ಥೂಲ ಅಳತೆ. ಉಪಮಾದರಿಗಳು ಹೆಚ್ಚಿದ್ದಷ್ಟೂ ಆ ಅಳತೆ ಗಟ್ಟಿಯಾಗುತ್ತದೆ. ಉದ್ದುದ್ದ ಸೂತ್ರಗಳಿಲ್ಲದೆ, ಎಷ್ಟೇ ಜಟಿಲವಾದ ಸಮೀಕ್ಷೆಗೂ ಅದರ ಒಳಗಿನಿಂದಲೇ ಅದರ ತಪ್ಪಿನ ಅಂದಾಜು ಸಿಗುವುದು ಈ ವಿಧಾನದ ಹಿರಿಮೆ. ಮಾದರಿಯ ಭಾಗಗಳನ್ನು ಮತ್ತೆ ಮತ್ತೆ ಬೇರ್ಪಡಿಸಿ ಲೆಕ್ಕ ಹಾಕುವ ಇಂದಿನ ಹಲವು ವಿಧಾನಗಳು ಇದೇ ವಿಚಾರದ ಬಂಧುಗಳು.

ಅಂದು ಈ ಲೆಕ್ಕವೆಲ್ಲ ಕೈಯಿಂದ ತಿರುಗಿಸುವ ಯಂತ್ರಗಳಲ್ಲಿ, ರಂಧ್ರ ಕೊರೆದ ಕಾರ್ಡುಗಳಲ್ಲಿ ನಡೆಯುತ್ತಿತ್ತು. ಸುತ್ತುಗಳು ಹೆಚ್ಚಿದಂತೆ ಹಾಳೆಗಳು ರಾಶಿ ಬಿದ್ದವು. 1956ರಲ್ಲಿ ಬ್ರಿಟನ್ನಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರವನ್ನು ಸಂಸ್ಥೆಗೆ ತರಿಸಿದರು. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್ ಎಂದು ಅದನ್ನು ಪರಿಗಣಿಸುತ್ತಾರೆ. ಕೆಲವು ವರ್ಷಗಳಲ್ಲಿ ಸೋವಿಯತ್ ದೇಶದಿಂದ ಉರಾಲ್ ಯಂತ್ರವೂ ಬಂತು.

ಇಂದು ಆ ಕೆಲಸ ಲ್ಯಾಪ್‌ಟಾಪಿನಲ್ಲಿ ಕ್ಷಣದಲ್ಲಿ ಆಗುತ್ತದೆ. ನಮ್ಮ ಶಾಲೆಯಿಂದ ಹೊರಟು ಕಾಲೇಜು, ಬ್ಯಾಂಕು, ಕಂಪನಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಸ್ಟಾಟಾ, ಸ್ಯಾಸ್, ಆರ್ ಮೊದಲಾದ ಸಾಫ್ಟ್‌ವೇರ್‌ಗಳನ್ನು ಬಲ್ಲವರೇ. ಸಮೀಕ್ಷೆಗೆಂದೇ ಇರುವ ಅವುಗಳ ಆಜ್ಞೆಗಳು ಮುಖ್ಯವಾಗಿ ಮೂರು ಸಂಗತಿ ಕೇಳುತ್ತವೆ: ಪ್ರದೇಶವನ್ನು ಯಾವ ಸ್ತರಗಳಾಗಿ ವಿಂಗಡಿಸಿದ್ದರು, ಯಾವ ಊರುಗಳನ್ನು ಗೊಂಚಲಾಗಿ ಆರಿಸಿದರು, ಪ್ರತಿ ಮನೆಯ ತೂಕ ಎಷ್ಟು. ಇವನ್ನು ತಿಳಿಸದೆ ಸಾಮಾನ್ಯ ಸರಾಸರಿ ಕೇಳಿದರೂ ಯಂತ್ರ ಆಕ್ಷೇಪಿಸುವುದಿಲ್ಲ; ದಶಾಂಶಗಳ ಸಮೇತ ಉತ್ತರ ಕೊಡುತ್ತದೆ. ಒಂದೇ ಊರಿನ ಹತ್ತು ಮನೆಗಳಿಗೆ ಒಂದೇ ಮಳೆ, ಒಂದೇ ಕೆರೆ, ಒಂದೇ ಸಂತೆ ಎಂಬುದು ಅದಕ್ಕೆ ಗೊತ್ತಿಲ್ಲ. ಹತ್ತು ಊರಿನ ಹತ್ತು ಮನೆಗಳೆಂದೇ ಎಣಿಸಿ, ತಪ್ಪಿನ ಅಂದಾಜನ್ನು ನಿಜಕ್ಕಿಂತ ಚಿಕ್ಕದಾಗಿ ತೋರಿಸಿಬಿಡುತ್ತದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕಡತಗಳಲ್ಲಿ ದಶಕಗಳ ಕಾಲ ಉಪಮಾದರಿ 1, ಉಪಮಾದರಿ 2 ಎಂಬ ಗುರುತು ಇರುತ್ತಿತ್ತು. ಬಂಗಾಳದ ಹೊಲಗಳಲ್ಲಿ ಅವರು ಇಳಿಸಿದ ಎರಡು ತಂಡಗಳ ನೆನಪು ಅದು.

ಮಹಾಲನೋಬಿಸರ ಕೆಲಸಕ್ಕೆ ಟೀಕೆಗಳೂ ಇದ್ದವು. ಬೆಳೆ ಕೊಯ್ಲಿನ ಪ್ರಯೋಗಕ್ಕೆ ಅವರು ಚಿಕ್ಕ ತುಂಡುನೆಲ ಸಾಕೆಂದರೆ, ಇನ್ನೊಬ್ಬ ಹಿರಿಯ ವಿಜ್ಞಾನಿ ಪಿ.ವಿ. ಸುಖಾತ್ಮೆಯವರು ಅಂಚಿನ ಗಿಡಗಳು ಒಳಸೇರಿ ಇಳುವರಿ ಹೆಚ್ಚಾಗಿ ಕಾಣುತ್ತದೆಂದು ದೊಡ್ಡ ತುಂಡಿನ ಪರವಾಗಿ ವಾದಿಸಿದರು. ಎರಡನೆಯ ಪಂಚವಾರ್ಷಿಕ ಯೋಜನೆಗೆ ಅವರು ಕೊಟ್ಟ ಮಾದರಿ ಭಾರಿ ಕೈಗಾರಿಕೆಗೆ ಒತ್ತು ಕೊಟ್ಟು ಬೇಸಾಯವನ್ನು ಹಿಂದಿಟ್ಟಿತೆಂಬ ದೂರೂ ಇತ್ತು. ಸಂಸ್ಥೆಯನ್ನು ತಮ್ಮ ಹಿಡಿತದಲ್ಲೇ ಇಟ್ಟುಕೊಳ್ಳುತ್ತಾರೆಂದು ಅಸಮಾಧಾನಪಟ್ಟ ಸಹೋದ್ಯೋಗಿಗಳೂ ಇದ್ದರು. ಆದರೂ ಅವರ ನೆರಳಿನಲ್ಲಿ ಬೆಳೆದ ಪ್ರತಿಭೆಗಳು ಅನೇಕ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ಆ ಸಂಸ್ಥೆ ಸೇರಿ ಜಗತ್ತಿನ ಅಗ್ರಗಣ್ಯ ಸಂಖ್ಯಾಶಾಸ್ತ್ರಜ್ಞರಾದರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಸಂಸ್ಥೆಯ ಕೇಂದ್ರವೊಂದು ಇಂದಿಗೂ ಪಾಠ ಹೇಳುತ್ತಿದೆ.

1968ರಲ್ಲಿ ಪದ್ಮವಿಭೂಷಣ ಪಡೆದ ಪ್ರಶಾಂತಚಂದ್ರರು 1972ರ ಜೂನ್ 28ರಂದು, 79 ತುಂಬಲು ಒಂದೇ ದಿನ ಇರುವಾಗ, ನಿಧನರಾದರು. 2007ರಿಂದ ಅವರ ಜನ್ಮದಿನವನ್ನು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವನ್ನಾಗಿ ಆಚರಿಸಲಾಗುತ್ತಿದೆ.

ಐವತ್ತು ವರ್ಷ ತುಂಬಿದ ನಮ್ಮ ಶಾಲೆ ಆ ದಿನವನ್ನು ಭಾಷಣವಿಲ್ಲದೆ ಆಚರಿಸಬಹುದು. ಒಂಬತ್ತನೆಯ ತರಗತಿಯ ಮಕ್ಕಳನ್ನು ಎರಡು ತಂಡ ಮಾಡಿ, ಊರಿನ ಮನೆಗಳ ಪಟ್ಟಿಯಿಂದ ಒಂದೊಂದು ತಂಡಕ್ಕೂ ಬೇರೆ ಬೇರೆಯಾಗಿ ಚೀಟಿ ಎತ್ತಿಸಿ, ದಿನಕ್ಕೆ ಎಷ್ಟು ಕೊಡ ನೀರು ಬೇಕಾಗುತ್ತದೆಂದು ಕೇಳಿ ಬರಲು ಕಳಿಸಬೇಕು. ಊರಿನವರು ಒಂದು ನಿಮಿಷ ನಿಂತು ನಿಜ ಹೇಳಬೇಕು. ಸಂಜೆ ಕಪ್ಪುಹಲಗೆಯ ಮೇಲೆ ಎರಡೂ ತಂಡಗಳ ಸರಾಸರಿಯನ್ನು ಅಕ್ಕಪಕ್ಕ ಬರೆದು, ಅವು ಯಾಕೆ ಒಂದೇ ಆಗಿಲ್ಲವೆಂದು ಗಣಿತದ ಮೇಷ್ಟ್ರು ಮಕ್ಕಳನ್ನೇ ಕೇಳಲಿ. ಆ ಚರ್ಚೆಯ ಅಂಕಿಗಳು ಪಂಚಾಯಿತಿಯ ನೀರಿನ ಯೋಜನೆಗೂ ಉಪಯೋಗಕ್ಕೆ ಬಂದರೆ ಇನ್ನೂ ಸಂತೋಷ.