ಬ್ರಾಮ್ ಸ್ಟೋಕರ್

ಅಬ್ರಹಾಂ 'ಬ್ರಾಮ್' ಸ್ಟೋಕರ್ (ನವೆಂಬರ್ 8, 1847 – ಏಪ್ರಿಲ್ 20, 1912) ಐರ್ಲೆಂಡ್ ಮೂಲದ ಇಂಗ್ಲಿಷ್ ಕಾದಂಬರಿಕಾರರು ಹಾಗೂ ರಂಗಮಂದಿರದ ವ್ಯವಸ್ಥಾಪಕರು. 1897ರಲ್ಲಿ ಪ್ರಕಟವಾದ 'ಡ್ರಾಕುಲಾ' ಇವರ ಪ್ರಸಿದ್ಧ ಕೃತಿ. ಮನುಷ್ಯರ ನಡುವೆ ಗುರುತು ಮರೆಸಿಕೊಂಡು ವಾಸಿಸುವ ರಕ್ತಪಿಶಾಚಿಯ (ವ್ಯಾಂಪೈರ್) ಕಲ್ಪನೆಯನ್ನು ಜಗತ್ತಿನಾದ್ಯಂತ ಹರಡಿದ ಕೃತಿಗಳಲ್ಲಿ ಇದು ಅಗ್ರಗಣ್ಯವಾದುದು. ಆದರೆ ತಮ್ಮ ಜೀವಿತಕಾಲದಲ್ಲಿ ಸ್ಟೋಕರ್ ಹೆಚ್ಚಾಗಿ ಪರಿಚಿತರಾಗಿದ್ದುದು ನಟ ಹೆನ್ರಿ ಇರ್ವಿಂಗ್ ಅವರ ವ್ಯವಸ್ಥಾಪಕರೆಂದೇ.

ಜನನ ಮತ್ತು ವಿದ್ಯಾಭ್ಯಾಸ

ಸ್ಟೋಕರ್ ಡಬ್ಲಿನ್ ನಗರದ ಕ್ಲಾಂಟಾರ್ಫ್ ಎಂಬಲ್ಲಿ ಜನಿಸಿದರು. ತಂದೆ ಅಬ್ರಹಾಂ ಸರ್ಕಾರಿ ನೌಕರರು. ತಾಯಿ ಷಾರ್ಲೆಟ್ ಥಾರ್ನ್ಲಿ. ಏಳು ಮಕ್ಕಳಲ್ಲಿ ಇವರು ಮೂರನೆಯವರು. ಕಾರಣ ತಿಳಿಯದ ಕಾಯಿಲೆಯಿಂದಾಗಿ ಏಳನೆಯ ವಯಸ್ಸಿನವರೆಗೆ ಹಾಸಿಗೆ ಹಿಡಿದಿದ್ದರು. 1832ರಲ್ಲಿ ಸ್ಲೈಗೋ ಊರನ್ನು ಕಾಡಿದ ಕಾಲರಾ ಪಿಡುಗನ್ನು ತಾಯಿ ಕಣ್ಣಾರೆ ಕಂಡಿದ್ದರು. ಜೀವವಿರುವಾಗಲೇ ಜನರನ್ನು ಹೂಳಿದ ಆ ಕಾಲದ ಕಥೆಗಳನ್ನು ಅವರು ಮಗನಿಗೆ ಹೇಳುತ್ತಿದ್ದರು. ಮುಂದೆ ಸ್ಟೋಕರ್ ಆರೋಗ್ಯವಂತರಾಗಿ ಬೆಳೆದು, 1864ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜನ್ನು ಸೇರಿ ಕ್ರೀಡಾಪಟುವೆಂದೂ ಹೆಸರು ಗಳಿಸಿದರು.

ವೃತ್ತಿಜೀವನ

ವ್ಯಾಸಂಗದ ನಂತರ ಡಬ್ಲಿನ್ ಕ್ಯಾಸಲ್‌ನಲ್ಲಿ ಸರ್ಕಾರಿ ಸೇವೆಯಲ್ಲಿದ್ದುಕೊಂಡು 'ಡಬ್ಲಿನ್ ಈವನಿಂಗ್ ಮೇಲ್' ಪತ್ರಿಕೆಗೆ ನಾಟಕ ವಿಮರ್ಶೆ ಬರೆಯುತ್ತಿದ್ದರು. 1876ರಲ್ಲಿ 'ಹ್ಯಾಮ್ಲೆಟ್' ಪ್ರಯೋಗದ ಕುರಿತು ಬರೆದ ವಿಮರ್ಶೆಯಿಂದ ಇರ್ವಿಂಗ್ ಅವರ ಸ್ನೇಹ ದೊರೆಯಿತು. 1878ರಲ್ಲಿ ಫ್ಲಾರೆನ್ಸ್ ಬಾಲ್ಕೂಂಬ್ ಅವರನ್ನು ವಿವಾಹವಾಗಿ ಲಂಡನ್ನಿಗೆ ತೆರಳಿ, ಇರ್ವಿಂಗ್ ನಡೆಸುತ್ತಿದ್ದ ಲೈಸಿಯಂ ರಂಗಮಂದಿರದ ಆಡಳಿತ ವಹಿಸಿಕೊಂಡರು. ಸುಮಾರು 27 ವರ್ಷ ನಡೆದ ಈ ಕೆಲಸದಲ್ಲಿ ಲೆಕ್ಕಪತ್ರ, ಪತ್ರವ್ಯವಹಾರ, ಅಮೆರಿಕ ಪ್ರವಾಸಗಳ ಏರ್ಪಾಡು ಎಲ್ಲವೂ ಇವರ ಹೊಣೆಯಾಗಿದ್ದವು. ಇವರ ಬರವಣಿಗೆಯೆಲ್ಲ ಬಿಡುವಿನ ವೇಳೆಯಲ್ಲಿ ನಡೆಯಿತು.

ಡ್ರಾಕುಲಾ

ರಕ್ತಪಿಶಾಚಿಯ ಕಥೆ ಸ್ಟೋಕರ್ ಅವರಿಂದ ಆರಂಭವಾದುದಲ್ಲ. ಜಾನ್ ಪಾಲಿಡೊರಿ 1819ರಲ್ಲಿ ಪ್ರಕಟವಾದ ತಮ್ಮ ಕಥೆಯಲ್ಲಿ ಅದನ್ನು ಹಳ್ಳಿಯ ಸ್ಮಶಾನದಿಂದ ಶ್ರೀಮಂತರ ಸಭೆಗೆ ಕರೆತಂದಿದ್ದರು; ಐರ್ಲೆಂಡಿನವರೇ ಆದ ಶೆರಿಡನ್ ಲೆ ಫಾನು 1872ರ ವೇಳೆಗೆ 'ಕಾರ್ಮಿಲ್ಲಾ' ರಚಿಸಿದ್ದರು. ಸ್ಟೋಕರ್ 1890ರಲ್ಲಿ ಟಿಪ್ಪಣಿಗಳನ್ನು ಬರೆಯಲಾರಂಭಿಸಿದರು. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲತೀರದ ವಿಟ್ಬಿ ಪಟ್ಟಣದಲ್ಲಿ ತಂಗಿದ್ದಾಗ, ಅಲ್ಲಿನ ಗ್ರಂಥಾಲಯದ ಪುಸ್ತಕವೊಂದರಲ್ಲಿ 'ಡ್ರಾಕುಲಾ' ಎಂಬ ಹೆಸರು ಕಣ್ಣಿಗೆ ಬಿತ್ತು. 1885ರಲ್ಲಿ ಅದೇ ದಡಕ್ಕೆ ಅಪ್ಪಳಿಸಿದ 'ಡಿಮಿಟ್ರಿ' ಎಂಬ ರಷ್ಯನ್ ಹಡಗು ಕಾದಂಬರಿಯಲ್ಲಿ 'ಡಿಮೀಟರ್' ಆಯಿತು. ಕಥೆಯ ಆರಂಭ ನಡೆಯುವ ಟ್ರಾನ್ಸಿಲ್ವೇನಿಯಾವನ್ನು ಇವರು ನೋಡಿರಲೇ ಇಲ್ಲ; ಪ್ರವಾಸಗ್ರಂಥಗಳನ್ನು ಓದಿಯೇ ಚಿತ್ರಿಸಿದರು.

ದಿನಚರಿ, ಪತ್ರ, ತಂತಿ ಸಂದೇಶ ಮತ್ತು ಪತ್ರಿಕಾ ವರದಿಗಳ ಮೂಲಕ ಕಥೆ ಸಾಗುತ್ತದೆ. ಡ್ರಾಕುಲಾ ಕೋಟೆಯಲ್ಲಿಯೇ ಉಳಿಯುವ ಭೂತವಲ್ಲ. ಲಂಡನ್ನಿನಲ್ಲಿ ತಾನು ಪರದೇಶಿಯೆಂದು ಯಾರಿಗೂ ತಿಳಿಯಬಾರದೆಂದು ಅವನು ಇಂಗ್ಲಿಷ್ ಕಲಿಯುತ್ತಾನೆ, ವಕೀಲರ ಮೂಲಕ ಮನೆ ಕೊಳ್ಳುತ್ತಾನೆ, ತಾಯ್ನೆಲದ ಮಣ್ಣು ತುಂಬಿದ 50 ಪೆಟ್ಟಿಗೆಗಳನ್ನು ಸಾಗಿಸುತ್ತಾನೆ. ಹಗಲಿನಲ್ಲಿಯೂ ಜನಜಂಗುಳಿಯಲ್ಲಿ ಸಂಚರಿಸುತ್ತಾನೆ. ಪಕ್ಕದಲ್ಲಿ ನಡೆಯುವವನೇ ರಕ್ತಪಿಶಾಚಿಯಾಗಿರಬಹುದೆಂಬ ಈ ಶಂಕೆಯೇ ಕಾದಂಬರಿಯ ಭೀತಿಯ ಮೂಲ. ನಂತರದ ಭಯಾನಕ ಸಾಹಿತ್ಯದ ಅನೇಕ ಕೃತಿಗಳು ಇದೇ ಹಾದಿ ಹಿಡಿದವು.

ಕೊನೆಯ ವರ್ಷಗಳು

1898ರಲ್ಲಿ ಲೈಸಿಯಂನ ಉಗ್ರಾಣಕ್ಕೆ ಬೆಂಕಿ ಬಿದ್ದು ರಂಗಪರದೆಗಳು ಸುಟ್ಟುಹೋದವು. 1905ರಲ್ಲಿ ಇರ್ವಿಂಗ್ ನಿಧನರಾದರು. ಮರುವರ್ಷ ಸ್ಟೋಕರ್ ಅವರ ಕುರಿತು ಎರಡು ಸಂಪುಟಗಳ ಸ್ಮರಣೆಯನ್ನು ಪ್ರಕಟಿಸಿದರು. ಅನಾರೋಗ್ಯ ಮತ್ತು ಹಣದ ಅಡಚಣೆಯಿಂದ ಬಳಲಿ, 1911ರಲ್ಲಿ ಲೇಖಕರಿಗೆ ನೆರವಾಗುವ ರಾಯಲ್ ಲಿಟರರಿ ಫಂಡ್ ಸಂಸ್ಥೆಯ ಸಹಾಯ ಕೋರಿದರು. 1912ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಮರಣೋತ್ತರ ಪ್ರಸಿದ್ಧಿ

1922ರಲ್ಲಿ ಜರ್ಮನಿಯಲ್ಲಿ ಅನುಮತಿ ಪಡೆಯದೆ, ಪಾತ್ರಗಳ ಹೆಸರು ಬದಲಿಸಿ 'ನೊಸ್ಫೆರಾಟು' ಚಲನಚಿತ್ರವನ್ನು ತಯಾರಿಸಲಾಯಿತು. ಫ್ಲಾರೆನ್ಸ್ ಮೊಕದ್ದಮೆ ಹೂಡಿದರು. 1925ರಲ್ಲಿ ಅದರ ಪ್ರತಿಗಳನ್ನು ನಾಶಪಡಿಸುವಂತೆ ತೀರ್ಪು ಬಂದರೂ ಕೆಲವು ಪ್ರತಿಗಳು ಉಳಿದುಕೊಂಡವು. 1924ರ ನಾಟಕ ರೂಪಾಂತರ ಮತ್ತು ಬೇಲಾ ಲುಗೋಸಿ ನಟಿಸಿದ 1931ರ ಚಲನಚಿತ್ರದಿಂದ ಡ್ರಾಕುಲಾ ಮನೆಮಾತಾಯಿತು. ಭಯಾನಕ ಸಾಹಿತ್ಯಕ್ಕೆ ಅಮೆರಿಕದಲ್ಲಿ 1987ರಿಂದ ನೀಡಲಾಗುತ್ತಿರುವ ಪ್ರಶಸ್ತಿಗೆ ಬ್ರಾಮ್ ಸ್ಟೋಕರ್ ಅವರ ಹೆಸರಿಡಲಾಗಿದೆ. ಕಾದಂಬರಿಗಾಗಿ ಇವರು ಬರೆದಿಟ್ಟ ಟಿಪ್ಪಣಿಗಳು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿವೆ.