ಚಿನ್ನದ ಕೆಂಪು ನೀರು ಮತ್ತು ಮೈಕೆಲ್ ಫ್ಯಾರಡೆ

ಚಿನ್ನ ಅಂದರೆ ನಮಗೆ ಹಳದಿ. ಅದೇ ಚಿನ್ನ ನೀರಿನಲ್ಲಿ ಕೆಂಪಾಗಿ ಯಾಕೆ ಕಾಣುತ್ತದೆ ಅಂತ ಹುಡುಕಿದ ಮೈಕೆಲ್ ಫ್ಯಾರಡೆ ಅವರ ಜೀವನವನ್ನು ನಾನು ಇಲ್ಲಿ ಬರೆದಿದ್ದೇನೆ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಕಮ್ಮಾರರು. ಮನೆಯಲ್ಲಿ ಬಡತನ. ಶಾಲೆಯಲ್ಲಿ ಓದು, ಬರಹ, ಲೆಕ್ಕ ಸ್ವಲ್ಪ ಕಲಿತರು, ಅಷ್ಟೇ. 13ನೇ ವಯಸ್ಸಿಗೆ ಲಂಡನ್ನಿನ ಒಂದು ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಅದು ನಮ್ಮದೇ ವಯಸ್ಸು. ಮೊದಲು ಪೇಪರ್ ಹಂಚುತ್ತಿದ್ದರು, ಆಮೇಲೆ ಪುಸ್ತಕಕ್ಕೆ ರಟ್ಟು ಕಟ್ಟೋದು ಕಲಿತರು. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ತಿಳಿದುಕೊಂಡರು.

1812ರಲ್ಲಿ ಹಂಫ್ರಿ ಡೇವಿ ಎಂಬ ದೊಡ್ಡ ವಿಜ್ಞಾನಿಯ ಭಾಷಣ ಕೇಳಿದರು. ಎಲ್ಲಾ ಬರೆದುಕೊಂಡು, ತಾವೇ ರಟ್ಟು ಕಟ್ಟಿ, ಡೇವಿಯವರಿಗೆ ಕಳಿಸಿದರು. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. 1831ರಲ್ಲಿ ತಂತಿಯ ಸುರುಳಿಯಲ್ಲಿ ಅಯಸ್ಕಾಂತ ಆಡಿಸಿ ವಿದ್ಯುತ್ ಹುಟ್ಟಿಸಿದರು.

ಮುಂದೆ ಚಿನ್ನದ ಮೇಲೆ ಪ್ರಯೋಗ ಮಾಡಿದರು. ನಮ್ಮ ಸುರಪುರದ ಹಳೇ ಚಿತ್ರಗಳಿಗೆ ಚಿನ್ನದ ರೇಕು ಹಚ್ಚುತ್ತಿದ್ದರಲ್ಲ, ಅಂಥ ತೆಳುವಾದ ರೇಕನ್ನು ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಹಸಿರಾಗಿ ಕಾಣುತ್ತದೆ. ಚಿನ್ನ ಕರಗಿದ ದ್ರಾವಣಕ್ಕೆ ರಂಜಕ ಸೇರಿಸಿದಾಗ ಕೆಂಪು ನೀರು ಬಂತು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿವೆ ಅಂತ 1857ರಲ್ಲಿ ಹೇಳಿದರು. ಈಗ ಅವಕ್ಕೆ ನ್ಯಾನೋ ಕಣ ಅನ್ನುತ್ತಾರೆ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೋಮೀಟರ್.

ಈ ಕಣಗಳ ಮೇಲೆ ಬೆಳಕು ಬಿದ್ದರೆ ಒಳಗಿನ ಎಲೆಕ್ಟ್ರಾನ್‌ಗಳು ಒಟ್ಟಿಗೆ ಅಲುಗಾಡುತ್ತವೆ. ಆ ಶಕ್ತಿಯಿಂದ ಕೆಲವು ರಾಸಾಯನಿಕ ಕ್ರಿಯೆಗಳು ಬೇಗ ನಡೆಯುತ್ತವೆ, ಚಿನ್ನ ಮಾತ್ರ ಖರ್ಚಾಗುವುದಿಲ್ಲ. ಇಂಥದ್ದಕ್ಕೆ ಕ್ರಿಯಾವರ್ಧಕ ಅಂತ ಹೆಸರು. ಇದರ ಸಹಾಯದಿಂದ ಬಿಸಿಲಿನಲ್ಲೇ ನೀರನ್ನು ಒಡೆದು ಜಲಜನಕ ಪಡೆಯಲು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ಜಲಜನಕ ಉರಿದರೆ ಹೊಗೆಯಿಲ್ಲ, ನೀರೇ ಬರುತ್ತದೆ. ನಮ್ಮ ಯಾದಗಿರಿ, ಶಹಾಪುರ ಕಡೆ ಬಿಸಿಲಿಗೇನು ಕಡಿಮೆ?

ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡರು. ಅವರು ಮಾಡಿದ ಕೆಂಪು ನೀರಿನ ಬಾಟಲಿ ಲಂಡನ್ನಿನಲ್ಲಿ ಇನ್ನೂ ಇದೆ.

ಶಾಲೆ ಬಿಟ್ಟರೂ ಫ್ಯಾರಡೆ ದೊಡ್ಡವರಾದರಲ್ಲ ಅಂತ ಯಾರಾದರೂ ಕೇಳಬಹುದು. ಆದರೆ ಅವರಿಗೆ ಸಿಕ್ಕಿದ್ದು ಪುಸ್ತಕದ ಅಂಗಡಿ. ಗುಳೆ ಹೋಗಿ ಇಟ್ಟಿಗೆ ಹೊರುವ ನಮ್ಮ ವಯಸ್ಸಿನವರಿಗೆ ಪುಸ್ತಕ ಎಲ್ಲಿ ಸಿಗಬೇಕು? ಅದಕ್ಕೇ ಯಾರೂ ಶಾಲೆ ಬಿಡಬೇಡಿ. ಹೋಗಲೇಬೇಕಾದವರ ಚೀಲದಲ್ಲಿ ಒಂದಾದರೂ ಪುಸ್ತಕ ಇಟ್ಟು ಕಳಿಸಿರಿ ಅಂತ ಗುರುಗಳಲ್ಲಿ ನನ್ನ ವಿನಂತಿ.